ಆಪರೇಟರ್ ಮತ್ತು ಕೊಳದ ಬಾತುಕೋಳಿಗಳು

ಕೂತಲ್ಲಿ ಕೂರುವುದು ಆಪರೇಟರ ಹಣೆಯಲ್ಲೇ ಬರೆದಿರಲಿಲ್ಲ. ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ಆಯುಷ್ಯವಿಡೀ ಕಳೆದವರು ಅವರು. ಅಲ್ಲಿ ಒಂದು ಸ್ಟೂಲು ಇತ್ತು ನಿಜ, ಆದರೆ ಅದರ ಮೇಲೆ ಯಾವಾಗಲೂ ರೀಲಿನ ಡಬ್ಬಿಯೋ ಕಾಫಿ ಲೋಟವೋ ಕೂತಿರುತ್ತಿತ್ತು. ಆಪರೇಟರ್ ಇರುತ್ತಿದ್ದುದು ಎರಡು ಯಂತ್ರಗಳ ನಡುವೆ, ನಿಂತುಕೊಂಡು. ಒಂದರ ರೀಲು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಶುರು ಮಾಡಬೇಕು. ಪರದೆಯ ಮೂಲೆಯಲ್ಲಿ ಸಣ್ಣದೊಂದು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಸಿನಿಮಾ ನೋಡುವವರಿಗೆ ಅದು ಕಾಣುವುದೇ ಇಲ್ಲ. ಆ ಚುಕ್ಕೆ ಕಂಡ ಕೂಡಲೇ ಕೈ ಓಡಬೇಕು. ಸ್ವಲ್ಪ ಯಾಮಾರಿದರೆ ಪರದೆ ಬೆಳ್ಳಗಾಗಿ, ಕೆಳಗಿನಿಂದ ಶಿಳ್ಳೆ, ಕೂಗು, ಆಪರೇಟರ ಹೆತ್ತವರ ವಿಚಾರ ಎಲ್ಲವೂ ಎದ್ದು ಬರುತ್ತಿತ್ತು. ತಮ್ಮ ಕಾಲದಲ್ಲಿ ಹಾಗೆ ಶಿಳ್ಳೆ ಬೀಳಲು ಅವರು ಬಿಟ್ಟದ್ದು ಕಡಿಮೆ. ಆ ವಿಷಯದಲ್ಲಿ ಮಾತ್ರ ಅವರಿಗೆ ಒಂಚೂರು ಜಂಬ.

ರೀಲುಗಳು ಹೋಗಿ ಡಬ್ಬಿಯಂಥ ಕಂಪ್ಯೂಟರು ಬಂತು, ಆಮೇಲೆ ಟಾಕೀಸೇ ಮುಚ್ಚಿ ಟಯರ್ ಗೋದಾಮಾಯಿತು. ಆದರೆ ಕಾಲಿನ ಅಭ್ಯಾಸ ಹೋಗಲಿಲ್ಲ. ಮನೆಯಲ್ಲೂ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. "ನೆಲ ಸವೀತದೆ ರೀ, ಒಂದು ಕಡೆ ಕೂತ್ಕೊಳ್ಳಿ" ಎಂದು ಹೆಂಡತಿ ಹೊಲಿಗೆ ಯಂತ್ರದ ಹಿಂದಿನಿಂದ ಗದರುತ್ತಿದ್ದರು. ಅವರು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವರು. ಅವರ ಕಾಲೂ ಸುಮ್ಮನಿರುತ್ತಿರಲಿಲ್ಲ, ಪೆಡಲಿನ ಮೇಲಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಹೀಗೆ ಅಡ್ಡಾಡುತ್ತಿರುವಾಗಲೇ ಒಂದು ಬೆಳಿಗ್ಗೆ ಆಪರೇಟರ ಎದೆ ಹಿಡಿದುಕೊಂಡಿತು. ಆಸ್ಪತ್ರೆ, ಆಪರೇಷನ್ನು, ರಕ್ತನಾಳದೊಳಗೆ ಸ್ಪ್ರಿಂಗಿನಂಥದ್ದೇನೋ ಕೂರಿಸಿದ್ದು ಎಲ್ಲ ಆಯಿತು. ಈಗ ಅವರನ್ನು ಚೇತರಿಕೆಯ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿಸಿ, ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿ, ಮುಖದ ಮುಂದೆ ಒಂದು ಸ್ಕ್ರೀನು ತೂಗುಬಿಟ್ಟಿದ್ದರು.

ಸ್ಕ್ರೀನು ಅಂದರೆ ಬರೀ ಟೀವಿಯಲ್ಲ. ಗೋಡೆಯಿಂದ ಉದ್ದನೆಯ ಕೈಯೊಂದು ಚಾಚಿಕೊಂಡು ಅದನ್ನು ಹಿಡಿದುಕೊಂಡಿತ್ತು; ಬೇಕೆಂದಾಗ ಹತ್ತಿರ ಎಳೆದುಕೊಳ್ಳಬಹುದು, ಬೇಡವೆಂದಾಗ ಆಚೆ ತಳ್ಳಬಹುದು. ಸಿನಿಮಾ, ಹಾಡು, ಸುದ್ದಿ, ಚದುರಂಗದಾಟ ಎಲ್ಲ ಅದರಲ್ಲಿತ್ತು. ಅಡಿಯಲ್ಲಿ ಹಸಿರು ಪಟ್ಟಿಯೊಂದರ ಮೇಲೆ ರೋಗಿಯ ನಾಡಿ, ರಕ್ತದಲ್ಲಿನ ಆಮ್ಲಜನಕ ಅಂಕಿಗಳಾಗಿ ಕುಣಿಯುತ್ತಿದ್ದವು. ಅದೇ ಅಂಕಿಗಳು ಆಚೆ ನರ್ಸುಗಳ ಮೇಜಿನ ಮೇಲೂ ಕಾಣುತ್ತಿದ್ದವಂತೆ.

"ನೋಡಿ ಅಂಕಲ್, ಮೇಲೆ ಸಿನಿಮಾ, ಕೆಳಗೆ ನೀವು" ಎಂದು ಸಿಸ್ಟರ್ ವಿವರಿಸಿದ್ದಳು. ಚುರುಕಾದ ಹುಡುಗಿ, ಮಾತಿನ ಕೊನೆಗೆಲ್ಲ ನಗು. "ನಿಮ್ಮ ಎದೆ ಜೋರಾಗಿ ಹೊಡ್ಕೊಂಡ್ರೆ ಸಿನಿಮಾ ತಾನಾಗೇ ನಿಂತು ಒಂದು ಕೊಳ ಬರುತ್ತೆ. ಬಾತುಕೋಳಿ ಇರ್ತವೆ. ಸುಮ್ನೆ ನೋಡ್ತಾ ಇರಿ. ಸಮಾಧಾನ ಆದ್ಮೇಲೆ ಸಿನಿಮಾ ಮತ್ತೆ ಬರುತ್ತೆ."

ಆಪರೇಟರ್ ತಲೆ ಎತ್ತಿದರು. "ನಿಂತು ಅಂದ್ರೆ? ಮಧ್ಯದಲ್ಲಾ?"

"ಹೂಂ, ಮಧ್ಯದಲ್ಲೇ."

"ಸಿನಿಮಾ ಮಧ್ಯದಲ್ಲಿ ನಿಲ್ಸೋರನ್ನ ನಮ್ಮ ಕಾಲದಲ್ಲಿ ಏನಂತಿದ್ರು ಗೊತ್ತಾ ಸಿಸ್ಟರ್?"

"ನನ್ನ ಮುಂದೆ ಹೇಳ್ಬೇಡಿ ಅಂಕಲ್, ಡ್ಯೂಟೀಲಿದೀನಿ" ಎಂದು ನಗುತ್ತಾ ಹೋಗಿಬಿಟ್ಟಳು.

ಆಪರೇಟರಿಗೆ ಈ ಸ್ಕ್ರೀನಿನ ಮೇಲೆ ದೊಡ್ಡ ಆಸೆ ಹುಟ್ಟಿತ್ತು. ಹೊರಗೆ ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಅವರು ಬದುಕಿನಲ್ಲಿ ಒಂದೇ ಒಂದು ಸಿನಿಮಾವನ್ನೂ ಮೊದಲಿಂದ ಕೊನೆಯವರೆಗೆ ಕೂತು ನೋಡಿದವರಲ್ಲ. ಗೋಡೆಯ ಸಣ್ಣ ಕಿಂಡಿಯಿಂದ ಪರದೆ ಚೊಕ್ಕವಾಗಿದೆಯೇ, ಚುಕ್ಕೆ ಬಂತೇ ಎಂದು ಇಣುಕಿದ್ದಷ್ಟೇ ಅವರ ಸಿನಿಮಾ. ಕಥೆ ಅವರಿಗೆ ಗೊತ್ತಾಗುತ್ತಿದ್ದುದು ಕೆಳಗಿನ ಸದ್ದಿನಿಂದ. ಎಲ್ಲಿ ಜನ ಉಸಿರು ಬಿಗಿಹಿಡಿಯುತ್ತಾರೆ, ಎಲ್ಲಿ ಮೂಗು ಸೊರಗುಟ್ಟಿಸುತ್ತಾರೆ, ಎಲ್ಲಿ ಎದ್ದು ಬೀಡಿ ಸೇದಲು ಹೋಗುತ್ತಾರೆ ಎನ್ನುವುದು ಬಾಯಿಪಾಠ. ಜನ ಎದ್ದು ಹೋಗುವ ರೀಲೇ ಆಪರೇಟರ ಕಾಫಿ ರೀಲು.

ಮದುವೆಯಾದ ಹೊಸತರಲ್ಲಿ ಹೆಂಡತಿ ಪುಕ್ಕಟೆ ಪಾಸಿನಲ್ಲಿ ಬಂದು ಕಿಂಡಿಯ ಕೆಳಗಿನ ಸಾಲಿನಲ್ಲಿ ಕೂರುತ್ತಿದ್ದರು. ಕಿಂಡಿಯಿಂದ ಬಗ್ಗಿದರೆ ಅವರ ಜಡೆ, ಕಿವಿಯ ಹಿಂದಿನ ಮಚ್ಚೆ ಕಾಣುತ್ತಿತ್ತು. ಮಗಳು ಹುಟ್ಟಿದ ಮೇಲೆ ಮಡಿಲಲ್ಲಿ ಕೂಸನ್ನು ಮಲಗಿಸಿಕೊಂಡು ಬಂದರು. ಎಷ್ಟೋ ಸಿನಿಮಾ ಹಾಗೆ ನೋಡಿದರು, ಒಬ್ಬರೇ. ಗಂಡ ಹೆಂಡತಿ ಜೊತೆಯಲ್ಲಿ ಕೂತು ಒಂದು ಸಿನಿಮಾ ನೋಡಿದ್ದೆಂಬುದು ಅವರ ಮನೆಯ ಚರಿತ್ರೆಯಲ್ಲೇ ಇಲ್ಲ.

ಈಗ ದೇವರೇ ಮಲಗಿಸಿ ತೋರಿಸುತ್ತಿದ್ದಾನೆ, ಇಬ್ಬರೂ ನೋಡೋಣ ಎಂದು ಆಪರೇಟರ್ ಒಂದು ಸಿನಿಮಾ ಹಾಕಿಸಿಕೊಂಡರು. ಹೊಡೆದಾಟ ಶುರುವಾಗುವ ಮೊದಲೇ ಕೊಳ ಬಂತು. ನೀಲಿ ನೀರು, ನಾಲ್ಕಾರು ಬಾತುಕೋಳಿ, ಕೊಳಲು. ಜೇನಿನಂಥ ಹೆಣ್ಣು ದನಿಯೊಂದು "ದಯವಿಟ್ಟು ವಿಶ್ರಾಂತಿ ಪಡೆಯಿರಿ" ಎಂದಿತು. ಆಪರೇಟರಿಗೆ ಮೈಯೆಲ್ಲ ಉರಿಯಿತು. ಉರಿದಷ್ಟೂ ನಾಡಿ ಏರಿತು, ಏರಿದಷ್ಟೂ ಬಾತುಕೋಳಿಗಳು ಆರಾಮಾಗಿ ಸುತ್ತು ಹಾಕಿದವು.

"ಏನು ಆಪರೇಟ್ರೇ, ಬಂದ್ವಾ ನಿಮ್ಮ ನೆಂಟ್ರು?" ನಡುವಿನ ಬಟ್ಟೆ ಪರದೆಯ ಆಚೆಯ ಹಾಸಿಗೆಯಿಂದ ಬೀಗದ ಅಂಗಡಿಯವರು ಕೇಳಿದರು. ಅವರದ್ದೂ ಹೃದಯವೇ, ಆದರೆ ಅವರು ದಿನವಿಡೀ ಸುದ್ದಿ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದರಿಂದ ಅವರ ಸ್ಕ್ರೀನಿಗೆ ಬಾತು ಬಂದದ್ದೇ ಇಲ್ಲ.

"ನೆಂಟ್ರಾಗಿದ್ರೆ ಒಂದಿನ ಹೋಗ್ತಿದ್ರು. ಇವು ವಕ್ಕರಿಸ್ಕೊಂಡಿವೆ."

ಎರಡನೇ ದಿನವೂ ಇದೇ ಗೋಳು. ಆಪರೇಟರ್ ಹೊರಳಾಡಿದರು, ದಿಂಬು ಗುದ್ದಿದರು, ಸ್ಕ್ರೀನನ್ನು ಆಚೆ ತಳ್ಳಿ ಮತ್ತೆ ಎಳೆದುಕೊಂಡರು. ಪಕ್ಕದ ಕುರ್ಚಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ ಹೆಂಡತಿಗೆ ತಡೆಯದಾಯಿತು.

"ಕೊಡಿ ಇಲ್ಲಿ ಆ ಚಿಮಟ."

"ಯಾಕೆ?"

"ನನ್ ಬೆರಳಿಗೆ ಹಾಕ್ಕೋತೀನಿ. ನನ್ನೆದೆಗೇನು, ಕಲ್ಲು. ನಿಮ್ಮ ಜೊತೆ ಸಂಸಾರ ಮಾಡಿದ ಎದೆ ಇದು. ಒಂದು ಸಿನಿಮಾಕ್ಕೆ ಹೆದರುತ್ತಾ?"

ಕ್ಲಿಪ್ಪು ಹೆಂಡತಿಯ ಎಡಗೈ ಬೆರಳಿಗೆ ಬಂತು. ಅಂಕಿಗಳು ಒಂಚೂರು ತೊದಲಿ, ಎಪ್ಪತ್ತರ ಆಸುಪಾಸಿಗೆ ಬಂದು ತಣ್ಣಗೆ ನಿಂತವು. ಬಾತುಗಳು ಹೊರಟುಹೋದವು. ಆಪರೇಟರ್ ಬಾಯಿ ಕಿವಿಯವರೆಗೆ ಹಿಗ್ಗಿಸಿಕೊಂಡು ಸಿನಿಮಾ ನೋಡಿದರು.

ಇನ್ನೇನು, ಅದೇ ಪದ್ಧತಿಯಾಯಿತು. ಮಧ್ಯಾಹ್ನ ವಾರ್ಡು ಸದ್ದಡಗಿದ ಮೇಲೆ ಕ್ಲಿಪ್ಪು ಕೈ ಬದಲಾಗುವುದು. ಬೀಗದ ಅಂಗಡಿಯವರು ಕಾವಲು. ಕಾರಿಡಾರಿನಲ್ಲಿ ಸಿಸ್ಟರಿನ ಚಪ್ಪಲಿ ಸದ್ದು ಕೇಳಿದರೆ ಅವರು ಕೆಮ್ಮುವರು, ಆಪರೇಟರ್ "ಚೇಂಜ್!" ಎಂದು ಪಿಸುಗುಟ್ಟುವರು, ಕ್ಲಿಪ್ಪು ಹೊದಿಕೆಯೊಳಗಿಂದ ಗಂಡನ ಬೆರಳಿಗೆ ಜಿಗಿಯುವುದು. ಪರದೆ ಬೆಳ್ಳಗಾಗದ ಹಾಗೆ ರೀಲು ಬದಲಿಸಿದ ಕೈ ಅದು, ಸಿಸ್ಟರಿಗೆ ಸುಳಿವೇ ಸಿಗಲಿಲ್ಲ. ಮಗಳಿಗೂ ಹೇಳಲಿಲ್ಲ. ಎಳೆಮಗುವನ್ನು ಎತ್ತಿಕೊಂಡು ಸಂಜೆ ಹೊತ್ತು ಫ್ಲಾಸ್ಕು, ಒಗೆದ ಬಟ್ಟೆ ತರುವ ಅವಳು, ಗೊತ್ತಾದರೆ ಇಬ್ಬರಿಗೂ ಗ್ರಹಚಾರ ಬಿಡಿಸುವಳು.

ಆ ಗುಟ್ಟಿನಲ್ಲಿ ಒಂದು ಮಜಾ ಇತ್ತು. ಮುಪ್ಪಿನಲ್ಲಿ ಗಂಡ ಹೆಂಡತಿ ಸೇರಿ ಕದಿಯುವ ಮಜಾ.

ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರಮ್ಮ ಸ್ಕ್ರೀನು ಒತ್ತಿ ಹಿಂದಿನ ದಿನಗಳ ಗೆರೆಗಳನ್ನು ನೋಡಿ ತಲೆದೂಗಿದರು. "ಮೊದಲ ದಿನ ಎಷ್ಟು ಒದ್ದಾಡ್ತಿತ್ತು, ಈಗ ನೋಡಿ, ಮಧ್ಯಾಹ್ನ ಹೊತ್ತಂತೂ ಮಗು ಮಲಗಿದ ಹಾಗಿದೆ. ನಾಳೆ ಮನೆಗೆ ಹೋಗಬಹುದು."

ಆಪರೇಟರಿಗೆ ಎದ್ದು ಅಲ್ಲೇ ಒಂದು ಸುತ್ತು ನಡೆಯುವಷ್ಟು ಖುಷಿ. ಈ ವಾರ್ಡಿನ ಬಿಳಿ ಗೋಡೆ, ಸ್ಪಿರಿಟ್ ವಾಸನೆ, ಹಾಸಿಗೆಗೆ ಕಟ್ಟಿಹಾಕಿದಂತಿರುವ ವೈರು ಅವರ ಜೀವ ತಿಂದಿದ್ದವು. ಮನೆ, ಬಾಗಿಲು, ಬಾಗಿಲಿಂದ ಅಡುಗೆಮನೆ. ನಾಳೆ. ಹೆಂಡತಿಯ ಕಡೆ ನೋಡಿ ಕಣ್ಣು ಹೊಡೆದರು. ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ ನೋಡದ ಹಾಗೆ ನಕ್ಕರು.

ಅವತ್ತಿನ ಮಧ್ಯಾಹ್ನಕ್ಕೆ ಅವರು ರೈಲಿನ ಸಿನಿಮಾ ಆರಿಸಿದರು. ಅಣ್ಣ ತಮ್ಮಂದಿರು ಬೇರೆಯಾಗಿ, ಕೊನೆಯಲ್ಲಿ ಓಡುವ ರೈಲಿನ ಮೇಲೆ ಒಂದಾಗುವ ಹಳೆಯ ಕಪ್ಪುಬಿಳುಪು ಚಿತ್ರ. ಟಾಕೀಸಿನಲ್ಲಿ ತಿಂಗಳುಗಟ್ಟಲೆ ಓಡಿದ್ದು. ಕ್ಲಿಪ್ಪು ಹೆಂಡತಿಯ ಬೆರಳಿಗೆ ಹೋಯಿತು. ಮೊದಲ ಹೊಡೆದಾಟ, ಅಂಕಿ ಅಲುಗಲಿಲ್ಲ. ತಾಯಿ ಸಾಯುವ ದೃಶ್ಯದಲ್ಲಿ ಇಡೀ ಟಾಕೀಸು ಸೆರಗು ಒದ್ದೆ ಮಾಡಿಕೊಳ್ಳುತ್ತಿತ್ತು, ಅಲ್ಲೂ ಅಲುಗಲಿಲ್ಲ. ಆಮೇಲೆ ಬಂತು ಸೋದರಮಾವ ಪೇಪರ್ ಓದುತ್ತಾ ಅಡುಗೆಯವನ ಜೊತೆ ತಗಾದೆ ತೆಗೆಯುವ ಭಾಗ. ಉದ್ದಕ್ಕೆ ಎಳೆದ ಹಾಸ್ಯ, ಯಾರೂ ನಗುತ್ತಿರಲಿಲ್ಲ. ಆಪರೇಟರ ಕಾಫಿ ರೀಲು ಇದೇ.

ಅಲ್ಲಿ ಸಿನಿಮಾ ನಿಂತಿತು. ನೀಲಿ ಕೊಳ. ಬಾತುಕೋಳಿ.

"ಕೆಟ್ಟೋಯ್ತು ನೋಡು ನಿಮ್ಮ ಯಂತ್ರ" ಎಂದರು ಆಪರೇಟರ್, ಯಂತ್ರ ಹೆಂಡತಿಯ ತವರಿನದ್ದೇನೋ ಎಂಬಂತೆ. "ಇಲ್ಲಿ ಯಾರ ಎದೆ ಹೊಡ್ಕೊಳ್ಳುತ್ತೆ? ಇಲ್ಲಿ ಜನ ಎದ್ದು ಹೋಗ್ತಿದ್ರು ಕಣೇ!"

ಸ್ವಲ್ಪ ಹೊತ್ತಿಗೆ ಸಿನಿಮಾ ಬಂತು. ಮಾವ ಪೇಪರಿನ ಪುಟ ತಿರುವಿದ. ಮತ್ತೆ ಕೊಳ. ಕೆಳಗಿನ ಅಂಕಿ ನೂರಕ್ಕೆ ಹೋಯಿತು, ನೂರ ಮೂವತ್ತು ಆಯಿತು, ತೊಂಬತ್ತಕ್ಕೆ ಬಿತ್ತು, ನೂರ ನಲವತ್ತಕ್ಕೆ ನೆಗೆಯಿತು. ಲಂಗುಲಗಾಮಿಲ್ಲ.

ಆಪರೇಟರ್ ಬೈಯಲು ಬಾಯಿ ತೆರೆದು ಹೆಂಡತಿಯ ಕಡೆ ತಿರುಗಿದರು. ಹೆಂಡತಿ ಸ್ಕ್ರೀನು ನೋಡುತ್ತಲೇ ಇರಲಿಲ್ಲ. ಹೊಲಿಯುತ್ತಲೂ ಇರಲಿಲ್ಲ. ಸೂಜಿ ಅಂಗಿಯ ತೋಳಿನಲ್ಲಿ ಅರ್ಧ ಚುಚ್ಚಿ ನಿಂತಿತ್ತು. ಬಲಗೈ ಎದೆಯ ಮೇಲಿತ್ತು, ಹಣೆಯಲ್ಲಿ ಬೆವರು.

"ಏನೇ?"

"ಏನಿಲ್ಲ, ಗ್ಯಾಸು. ಮಧ್ಯಾಹ್ನ ಸರಿಯಾಗಿ ತಿನ್ಲಿಲ್ಲ."

"ಎಷ್ಟು ದಿನದಿಂದ?"

"ಬರುತ್ತೆ, ಹೋಗುತ್ತೆ. ನೀವು ಸಿನಿಮಾ ನೋಡಿ."

ಬರುತ್ತೆ, ಹೋಗುತ್ತೆ. ಆಪರೇಟರ ತಲೆಯಲ್ಲಿ ಹಳೆಯ ತುಣುಕುಗಳು ಒಂದೊಂದಾಗಿ ಅಂಟಿಕೊಳ್ಳತೊಡಗಿದವು. ಮೆಟ್ಟಿಲ ತಿರುವಿನಲ್ಲಿ ಇವಳು ನಿಂತು ಚೀಲದಲ್ಲಿ ಬೀಗದ ಕೈ ಹುಡುಕುವುದು. ಬೀಗದ ಕೈ ಸೆರಗಿನ ತುದಿಯಲ್ಲೇ ಇರುತ್ತಿತ್ತು. ಪೆಡಲು ನಿಲ್ಲಿಸಿ ಕಿಟಕಿಯಾಚೆ ನೋಡುತ್ತಾ ಕೂರುವುದು. ದಾರ ಕಡಿಯಿತು ಎನ್ನುವುದು. ಇವೆಲ್ಲ ಅವರ ಕಣ್ಣ ಮುಂದೆಯೇ ನಡೆದದ್ದು. ಎಂಥ ಸಣ್ಣ ಚುಕ್ಕೆಯೂ ತಪ್ಪಿಸಿಕೊಳ್ಳದ ಕಣ್ಣು ಮನೆಯೊಳಗೆ ಎಲ್ಲಿ ಹೋಗಿತ್ತೋ!

ಅವರ ಎದೆ ಈಗ ಡವಡವ ಹೊಡೆದುಕೊಳ್ಳುತ್ತಿತ್ತು. ಬೆರಳು ಮಾತ್ರ ಬೋಳಾಗಿತ್ತು, ಅದು ಯಾವ ಯಂತ್ರಕ್ಕೂ ತಿಳಿಯಲಿಲ್ಲ.

ಬೀಗದ ಅಂಗಡಿಯವರು ಕೆಮ್ಮಿದರು. ಚಪ್ಪಲಿ ಸದ್ದು ಓಡುತ್ತಾ ಬರುತ್ತಿತ್ತು.

ಆಪರೇಟರ್ "ಚೇಂಜ್" ಅನ್ನಲಿಲ್ಲ. ಆದರೆ ಹೆಂಡತಿಯೇ ಕ್ಲಿಪ್ಪು ಕಿತ್ತು ಹೊದಿಕೆಯೊಳಗೆ ಅವರ ಬೆರಳಿಗೆ ಸಿಕ್ಕಿಸಿದರು. ಸಿಸ್ಟರ್ ಬಂದಳು, ಸ್ಕ್ರೀನು ನೋಡಿದಳು, ಅವರ ಮುಖ ನೋಡಿದಳು. ಈ ಸಲ ನಗು ಇರಲಿಲ್ಲ.

"ಅಂಕಲ್, ಎದೆ ನೋವಿದೆಯಾ? ತಲೆ ಸುತ್ತುತ್ತಾ? ಇಷ್ಟು ಏರುಪೇರು ಯಾವತ್ತೂ ಇರ್ಲಿಲ್ಲ. ಈಗ ನೋಡಿದ್ರೆ ಒಂದೇ ಸಮ ಇದೆ, ಸ್ವಲ್ಪ ಜಾಸ್ತಿ ಅಷ್ಟೆ... ಡಾಕ್ಟರಿಗೆ ಹೇಳ್ತೀನಿ. ಮಾತ್ರೆ ಬದಲಾಯಿಸ್ಬೇಕಾಗಬಹುದು."

"ಕೈ ಅಲ್ಲಾಡಿಸಿಬಿಟ್ರು ಸಿಸ್ಟರ್" ಎಂದರು ಹೆಂಡತಿ ಥಟ್ಟನೆ. "ಕ್ಲಿಪ್ಪು ಸಡಿಲ ಆಗಿತ್ತು. ನಾಳೆ ಮನೆಗೆ ಹೋಗೋ ಸಂಭ್ರಮ, ಸುಮ್ನೆ ಇರ್ತಾರಾ?" ಹೊದಿಕೆಯೊಳಗೆ ಅವರ ಉಗುರು ಗಂಡನ ತೊಡೆಯನ್ನು ಚಿವುಟುತ್ತಿತ್ತು. ಸುಮ್ನಿರಿ. ನಾಳೆ ಮನೆ.

ಆಪರೇಟರಿಗೆ ಗೊತ್ತಿತ್ತು. ಬಾಯಿ ಬಿಟ್ಟರೆ ನಾಳೆಯ ಮನೆ ಹೋಯಿತು. ಬಿಡದಿದ್ದರೆ ಇವಳು ಮತ್ತೆ ಬೀಗದ ಕೈ ಹುಡುಕುತ್ತಾ ಮೆಟ್ಟಿಲಲ್ಲಿ ನಿಲ್ಲುವಳು.

"ಸಿಸ್ಟರ್, ಅದು ನನ್ನದಲ್ಲ" ಎಂದರು.

"ಯಾವ್ದು?"

"ಆ ನೂರ ನಲವತ್ತು. ಅದು ಇವಳದು."

"ರೀ!"

"ಚಿವುಟ್ಬೇಡ, ಹೇಳಿ ಆಯ್ತು." ಆಪರೇಟರ್ ಹೊದಿಕೆಯೊಳಗಿಂದ ಕ್ಲಿಪ್ಪು ತೆಗೆದು ಮುಂದೆ ಹಿಡಿದರು. "ದಿನಾ ಮಧ್ಯಾಹ್ನ ಇವಳ ಬೆರಳಿಗೆ ಹಾಕ್ತಿದ್ವಿ. ಸಿನಿಮಾ ನಿಲ್ಬಾರ್ದು ಅಂತ. ಬೈಯೋದು ಆಮೇಲೆ ಬೈಯಿರಿ. ಮೊದ್ಲು ಇವಳ ಕೈ ನೋಡಿ."

ಸಿಸ್ಟರಿಗೆ ಕೋಪ ಬಂದದ್ದು ಕಿವಿ ಕೆಂಪಾದದ್ದರಲ್ಲೇ ಕಂಡಿತು. ಆದರೂ ಕ್ಲಿಪ್ಪನ್ನು ಹೆಂಡತಿಯ ಬೆರಳಿಗೆ ಹಾಕಿ, ಮಣಿಕಟ್ಟನ್ನು ತನ್ನ ಬೆರಳಿಂದಲೂ ಹಿಡಿದು ನಿಂತಳು. ಅಂಕಿಗಳು ಹುಚ್ಚೆದ್ದು ಕುಣಿದವು. ಕೊಳಲು ಶುರುವಾಯಿತು.

"ಆಂಟಿ, ಏಳ್ಬೇಡಿ" ಎಂದಳು ಮೆತ್ತಗೆ. "ಗಾಲಿ ಕುರ್ಚಿ ತರಿಸ್ತೀನಿ."

"ನನಗ್ಯಾಕಮ್ಮ ಗಾಲಿ ಕುರ್ಚಿ? ನಾನು ನೋಡ್ಕೊಳ್ಳೋಕೆ ಬಂದೋಳು."

ಕುರ್ಚಿ ಬಂತು. ಹೆಂಡತಿ ಹೋಗುವ ಮುನ್ನ ಗುಂಡಿ ಡಬ್ಬಿಯನ್ನು ಗಂಡನ ದಿಂಬಿನ ಪಕ್ಕ ಇಟ್ಟು, "ಚೆಲ್ಲೀರಿ ಮತ್ತೆ" ಎಂದರು. ಮುಖ ಊದಿಸಿಕೊಂಡಿದ್ದರು.

ಆಮೇಲಿನ ಹೊತ್ತು ಆಪರೇಟರಿಗೆ ಹೇಗೆ ಕಳೆಯಿತೋ. ಕ್ಲಿಪ್ಪು ಅವರ ಬೆರಳಿಗೇ ವಾಪಸು ಬಂದಿತ್ತು, ಕೊಳ ಮುಖದ ಮುಂದೆ ತಳ ಊರಿತ್ತು. ಎದ್ದು ಓಡಾಡುವ ಹಾಗಿಲ್ಲ. ಗುಂಡಿ ಡಬ್ಬಿ ತೆರೆದರು, ಮುಚ್ಚಿದರು. ಬಿಳಿ ಗುಂಡಿಗಳನ್ನು ನೀಲಿ ಗುಂಡಿಗಳಿಂದ ಬೇರೆ ಮಾಡಿದರು, ಮತ್ತೆ ಕಲಸಿದರು. ಬೀಗದ ಅಂಗಡಿಯವರು ಸುದ್ದಿಯ ಸದ್ದು ಕಡಿಮೆ ಮಾಡಿ, "ಏನಾಗಲ್ಲ ಬಿಡಿ ಆಪರೇಟ್ರೇ" ಎಂದರು. ತಮಾಷೆ ಮಾಡಲಿಲ್ಲ. ಅದರಿಂದಲೇ ಆಪರೇಟರಿಗೆ ಇನ್ನೂ ಹೆದರಿಕೆಯಾಯಿತು.

ಸಂಜೆ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು, ಹಿಂದೆಯೇ ಡಾಕ್ಟರಮ್ಮ.

"ಹಾಗಾದ್ರೆ ನಾನು ಬೆಳಿಗ್ಗೆ ಹೊಗಳಿದ್ದು ಯಾರ ಗ್ರಾಫು?" ಎಂದು ಡಾಕ್ಟರಮ್ಮ ಹಾಸಿಗೆಯ ಕಾಲ ಬಳಿ ನಿಂತು ಕೇಳಿದರು.

ಆಪರೇಟರ್ ಗುಂಡಿ ಡಬ್ಬಿ ನೋಡಿದರು.

"ನಾನು ಆ ಗ್ರಾಫು ನೋಡಿ ನಿಮ್ಮನ್ನ ಮನೆಗೆ ಕಳಿಸ್ತಿದ್ದೆ. ಇವತ್ತಿನದು ನೋಡಿದ್ರೆ ನಿಮಗೆ ಬೇಡದ ಮಾತ್ರೆ ಕೊಡ್ತಿದ್ದೆ. ಎರಡೂ ಅಪಾಯವೇ." ಬೈಗುಳ ಇನ್ನೂ ಇತ್ತು, ಆದರೆ ಕೂಸು ಡಾಕ್ಟರಮ್ಮನ ಸ್ಟೆತಸ್ಕೋಪಿಗೆ ಕೈ ಹಾಕಿದ್ದರಿಂದ ಅರ್ಧಕ್ಕೆ ನಿಂತಿತು. "ನಿಮ್ಮ ಮನೆಯವರಿಗೆ ಎದೆಬಡಿತದ ಲಯ ತಪ್ಪುತ್ತಿದೆ. ಯಾವಾಗಲೋ ಬಂದು ತಾನೇ ಸರಿಹೋಗುತ್ತೆ, ಅದಕ್ಕೇ ಸುಲಭವಾಗಿ ಸಿಗಲ್ಲ. ಹಾಗೇ ಬಿಟ್ರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಔಷಧಿ ಇದೆ, ಶುರು ಮಾಡಿದ್ದೀವಿ. ಮೇಲಿನ ಮಹಡೀಲಿ ಇರ್ತಾರೆ. ನೀವೂ ಇಲ್ಲೇ ಇರ್ತೀರಿ, ನಿಮ್ಮ ಸ್ವಂತ ಗ್ರಾಫು ಬರೋವರೆಗೆ."

"ಅವಳನ್ನ ನೋಡ್ಬೇಕು" ಎಂದರು ಆಪರೇಟರ್.

"ನಾಳೆ ನೋಡೋಣ. ಇವತ್ತು ನೀವಿಬ್ಬರೂ ಅಲ್ಲಾಡೋ ಹಾಗಿಲ್ಲ."

ಡಾಕ್ಟರಮ್ಮ ಹೋದ ಮೇಲೆ ಮಗಳು ಬೈದಳು. ಅವಳ ಬೈಗುಳ ಮಾತ್ರ ಪೂರ್ತಿಯಾಯಿತು. "ಒಬ್ಬರಿಗೊಬ್ಬರು ಬುದ್ಧಿ ಹೇಳೋದು ಬಿಟ್ಟು ಸೇರ್ಕೊಂಡು ಕಳ್ಳಾಟ ಆಡ್ತೀರಲ್ಲಪ್ಪ! ನಾನು ಈ ಮಗೂನ ನೋಡ್ಕೊಳ್ಲಾ, ನಿಮ್ಮನ್ನ ನೋಡ್ಕೊಳ್ಲಾ?" ಎನ್ನುತ್ತಲೇ ಅವಳು ಅಪ್ಪನ ಒದ್ದೆ ಬನಿಯನ್ನು ಬದಲಿಸಿದಳು, ಫ್ಲಾಸ್ಕಿನಿಂದ ಹಾಲು ಬಗ್ಗಿಸಿದಳು, ಮೂಗು ಒರೆಸಿಕೊಂಡಳು. ಆಮೇಲೆ ಕೂಸನ್ನು ಎತ್ತಿಕೊಂಡು ಅಮ್ಮನ ಬಳಿಗೆ ಮೇಲೆ ಹತ್ತಿದಳು.

ಗಂಟೆ ಕಳೆದ ಮೇಲೆ ಅವಳ ಫೋನು ಬಂತು. "ಅಪ್ಪ, ಅಮ್ಮ ಮಧ್ಯಾಹ್ನಕ್ಕಿಂತ ಆರಾಮಾಗಿದಾರೆ. ಇಲ್ಲೂ ಅದೇ ಸ್ಕ್ರೀನು. ಯಾವ ಸಿನಿಮಾ ಬೇಕು ಅಂತ ಇಲ್ಲಿಯ ಸಿಸ್ಟರ್ ಕೇಳಿದ್ರೆ ಆ ರೈಲಿನದ್ದೇ ಹಾಕ್ಸಿಕೊಂಡಿದಾರೆ, ನಿಂತಲ್ಲಿಂದ. ತಗೊಳ್ಳಿ, ಮಾತಾಡಿ. ಕೋಪದಲ್ಲಿದಾರೆ."

ಫೋನಿನಲ್ಲಿ ಮೊದಲು ರೈಲಿನ ಶಿಳ್ಳೆ ಕೇಳಿತು. ಆಪರೇಟರ್ ಗಡಿಬಿಡಿಯಿಂದ ತಮ್ಮ ಸ್ಕ್ರೀನಿನಲ್ಲೂ ಅದೇ ಚಿತ್ರ ಒತ್ತಿ, ಅದೇ ಜಾಗಕ್ಕೆ ಓಡಿಸಿದರು. ಎಂಜಿನ್ನು ಕಂಡಿತೋ ಇಲ್ಲವೋ, ನೀಲಿ ಕೊಳ ಬಂದು ಮುಚ್ಚಿಕೊಂಡಿತು. ದಯವಿಟ್ಟು ವಿಶ್ರಾಂತಿ ಪಡೆಯಿರಿ.

"ನಂದು ನಿಂತೋಯ್ತು ಕಣೇ" ಎಂದರು ಫೋನಿಗೆ.

ಆ ಕಡೆಯಿಂದ ರೈಲಿನ ಸದ್ದು ಬಂತು.

"ನಿಂದು ಓಡ್ತಿದೆಯಾ?"

"ಓಡ್ತಿದೆ. ಹೇಳ್ಬೇಡಿ ಅಂತ ಚಿವುಟಿದೆ. ಹೇಳೇಬಿಟ್ರಿ."

"ಹೇಳಿದೆ."

"ಇಷ್ಟೊತ್ತಿಗೆ ಸಾಮಾನು ಕಟ್ಕೊಳ್ತಿದ್ವಿ."

ಆಪರೇಟರ್ ಕೊಳದ ಕಡೆ ನೋಡಿದರು. ಬಾತುಕೋಳಿಯೊಂದು ಕೊಳದ ಅಂಚಿಗೆ ಹೋಗಿ, ದಾರಿ ಮರೆತಂತೆ ನಿಂತು, ಮರಳಿ ಬರುತ್ತಿತ್ತು. ಸ್ಕ್ರೀನನ್ನು ಆಚೆ ತಳ್ಳಬೇಕೆಂದು ಕೈ ತುಡಿಯಿತು. ಕಾಲು ಹೊದಿಕೆಯೊಳಗೆ ನಡೆಯುತ್ತಲೇ ಇತ್ತು. ಕೊನೆಗೆ ಗುಂಡಿ ಡಬ್ಬಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲೆ ಊರಿ, ಫೋನನ್ನು ಕಿವಿಗೂ ದಿಂಬಿಗೂ ನಡುವೆ ಸಿಕ್ಕಿಸಿಕೊಂಡರು.

"ಎಲ್ಲಿಗೆ ಬಂತು ಈಗ?"

"ನಿಮಗೆ ಗೊತ್ತಿಲ್ವಾ? ತಿಂಗಳುಗಟ್ಟಲೆ ಓಡಿಸ್ದೋರು ನೀವು."

"ಓಡಿಸಿದೆ. ನೋಡಿದ್ನಾ?"

ಹೆಂಡತಿ ಮೂಗು ಸೇದುತ್ತಾ ಹೇಳತೊಡಗಿದರು. "ತಮ್ಮ ರೈಲು ಡಬ್ಬಿ ಮೇಲೆ ಹತ್ತಿದಾನೆ. ಅಣ್ಣ ಇನ್ನೂ ಹಿಂದಿನ ಡಬ್ಬೀಲಿದಾನೆ. ಗಾಳಿಗೆ ಟೋಪಿ ಹಾರಿಹೋಯ್ತು... ಈಗ ಸೇತುವೆ ಬಂತು."

"ನಿನ್ನ ಅಂಕಿ ಎಷ್ಟಿದೆ?"

"ರೀ, ಸಿನಿಮಾ ಕೇಳ್ತೀರಾ, ಅಂಕಿ ಕೇಳ್ತೀರಾ?"

"ಎರಡೂ ಹೇಳು" ಎಂದರು ಆಪರೇಟರ್.

"ಎಂಬತ್ತೆಂಟು. ಅಣ್ಣ ಈಗ ಕೈ ಚಾಚಿದಾನೆ. ನೀವು ಅಲ್ಲಾಡ್ಬೇಡಿ."